ಮನೆ ಕೊಳ್ಳುವ ಮುಂಚೆ ಒಳಗಿರುವವರನ್ನು ಒಂದು ಮಾತು ಕೇಳಿ

ಬೆಂಗಳೂರಿನ ನಾಗರಬಾವಿಯಲ್ಲಿ ಎರಡು ಬೆಡ್‌ರೂಮಿನ ಹಳೇ ಫ್ಲ್ಯಾಟ್ ತೆಗೆದುಕೊಂಡೆ. ಬಾಡಿಗೆಗೆ ಕೊಟ್ಟರೆ ಅರ್ಧ ಇಎಂಐ ಅದರಲ್ಲೇ ಕಳೆಯುತ್ತೆ ಅನ್ನುವ ಲೆಕ್ಕ. ರಿಜಿಸ್ಟ್ರೇಷನ್ ಆದ ಮೇಲೆ ಬೀಗದ ಕೈ ನನಗೆ ಸಿಗಲು 14 ತಿಂಗಳು ಬೇಕಾಯಿತು.

ಮನೆ ನೋಡಲು ಎರಡು ಸಲ ಹೋಗಿದ್ದೆ. ಒಳಗೆ ಒಂದು ಸಂಸಾರ ಇತ್ತು. "ಬಾಡಿಗೆಯವರು, ಬರೋ ತಿಂಗಳು ಖಾಲಿ ಮಾಡ್ತಾರೆ" ಅಂದರು ಮಾಲೀಕರು. ಆ ಮನೆಯಾಕೆ ಕಾಫಿ ಕೊಟ್ಟರು. ಕುಡಿದು, ಗೋಡೆಯಲ್ಲಿ ತೇವ ಇದೆಯಾ ಅಂತ ಮುಟ್ಟಿ, ನಲ್ಲಿ ಎಲ್ಲ ತಿರುಗಿಸಿ ನೋಡಿ ಬಂದೆ. "ಬಾಡಿಗೆ ಎಷ್ಟು ಕೊಡ್ತೀರಮ್ಮ?" ಅಂತ ಮಾತ್ರ ಕೇಳಲಿಲ್ಲ.

ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ಏನೇನಿದೆ ಅಂತ ತೋರಿಸುವ ಋಣಭಾರ ಪತ್ರ, ತೆಗೆಸಿದ್ದೆ. ಬ್ಯಾಂಕಿನ ವಕೀಲರೂ ನೋಡಿದ್ದರು. ಕಾಗದ ಎಲ್ಲ ಚೊಕ್ಕ.

ತಿಂಗಳು ಕಳೆದು ಹೋದಾಗ ಆಕೆ ಬಾಗಿಲಲ್ಲೇ ಕೇಳಿದರು: "ನಮ್ಮ 12 ಲಕ್ಷ ನೀವು ಕೊಡ್ತೀರಾ ಸಾರ್, ಅವರು ಕೊಡ್ತಾರಾ?"

ಅವರು ಇದ್ದದ್ದು ಬಾಡಿಗೆಗಲ್ಲ, ಲೀಸ್‌ಗೆ. ನಮ್ಮ ಊರ ಕಡೆ ಭೋಗ್ಯ ಅಂತೀವಲ್ಲ, ಅದೇ. ದುಡ್ಡು ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಪೂರ್ತಿ ವಾಪಸ್. ಛಾಪಾ ಕಾಗದದಲ್ಲಿ ಎರಡು ವರ್ಷದ ಕರಾರು, ರಿಜಿಸ್ಟರ್ ಮಾಡಿಸಿಲ್ಲ. ನೋಂದಣಿಯಾಗದ ಕಾಗದ ಇಸಿಯಲ್ಲಿ ಕಾಣುವುದಿಲ್ಲ.

ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರು ರಿಜಿಸ್ಟರ್ ಆಗಲೇಬೇಕು. ಹಾಗಾದರೆ ಇದು ನಿಲ್ಲುವುದಿಲ್ಲ ಅಂತ ಒಳಗೊಳಗೇ ಖುಷಿಪಟ್ಟೆ. ವಕೀಲರು ಅದಕ್ಕೂ ತಣ್ಣೀರು ಎರಚಿದರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಮನೆಯಲ್ಲಿ ಯಾರಾದರೂ ವಾಸ ಇದ್ದರೆ ಅವರ ಹಕ್ಕು ಏನಿದೆಯೋ ಅದು ಕೊಳ್ಳುವವನಿಗೆ ಗೊತ್ತಿತ್ತು ಅಂತಲೇ ಲೆಕ್ಕ. "ಗೊತ್ತಿರಲಿಲ್ಲ" ಅಂದರೆ ನಡೆಯುವುದಿಲ್ಲ. ದುಡ್ಡಿನ ಹೊಣೆ ಯಾರದು ಅಂತ ಕೋರ್ಟಲ್ಲಿ ವಾದಿಸಬಹುದು, ಆದರೆ ವರ್ಷಗಟ್ಟಲೆ ಎಳೆಯುತ್ತೆ ಅಂದರು.

ಕ್ರಯಪತ್ರದಲ್ಲಿ ಏನಿತ್ತು ಗೊತ್ತಾ? "ಸದರಿ ಸ್ವತ್ತನ್ನು ಈ ದಿನವೇ ತಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ." ಅಪ್ಪಟ ಸುಳ್ಳು. ಅದನ್ನು ಓದಿಯೇ ನಾನೂ ಸಹಿ ಹಾಕಿದ್ದೆ. ಸಬ್ ರಿಜಿಸ್ಟ್ರಾರ್ ಏನು ಮನೆಗೆ ಬಂದು ನೋಡುತ್ತಾರಾ?

ಹಳೇ ಮಾಲೀಕರು ಫೋನ್ ಎತ್ತುವುದನ್ನೇ ಬಿಟ್ಟರು. ನನಗೆ ತಿಂಗಳಿಗೆ 38 ಸಾವಿರ ಇಎಂಐ. 14 ತಿಂಗಳಿಗೆ 5 ಲಕ್ಷ 32 ಸಾವಿರ ಹೋಯಿತು. ಲೀಸ್ ಆದ್ದರಿಂದ ಬಾಡಿಗೆ ಅಂತ ಒಂದು ರೂಪಾಯಿಯೂ ಬರಲಿಲ್ಲ. ಆ ಸಂಸಾರದವರನ್ನು ಬೈಯಲೂ ಮನಸ್ಸು ಬರದು. ಒಡವೆ ಅಡ ಇಟ್ಟು ಆ ದುಡ್ಡು ಹೊಂದಿಸಿದ್ದರಂತೆ.

ಕೊನೆಗೆ ಎರಡೂ ಕಡೆಯ ನೆಂಟರು ಕೂತು ಪಂಚಾಯ್ತಿ ಮಾಡಿದರು. ಹಳೇ ಮಾಲೀಕರು 4 ಲಕ್ಷ ಕೊಟ್ಟರು, ಉಳಿದ 8 ಲಕ್ಷ ನಾನು ತುಂಬಿದೆ.

ಜನ ವಾಸ ಇರುವ ಮನೆ ಕೊಳ್ಳುತ್ತಿದ್ದೀರಾ? ಮಾಲೀಕರು, ಬ್ರೋಕರ್ ಇಬ್ಬರೂ ಇಲ್ಲದಾಗ ಒಮ್ಮೆ ಹೋಗಿ ಒಳಗಿರುವವರನ್ನೇ ಮಾತಾಡಿಸಿ. ಬಾಡಿಗೆಯಾ, ಲೀಸಾ, ಅಡ್ವಾನ್ಸ್ ಎಷ್ಟು ಅಂತ ಕೇಳಿ, ಕರಾರಿನ ಜೆರಾಕ್ಸ್ ಇಸ್ಕೊಳ್ಳಿ. ವಾಚ್‌ಮನ್‌ಗೂ ಪಕ್ಕದ ಮನೆಯವರಿಗೂ ಇದೆಲ್ಲ ಗೊತ್ತಿರುತ್ತೆ. ಮನೆ ಪೂರ್ತಿ ಖಾಲಿಯಾಗಿ ಬೀಗದ ಕೈ ನಿಮ್ಮ ಜೇಬಿಗೆ ಬೀಳುವ ತನಕ ರಿಜಿಸ್ಟ್ರೇಷನ್ ದಿನ ಗೊತ್ತುಮಾಡಬೇಡಿ. "ಮುಹೂರ್ತ ಚೆನ್ನಾಗಿದೆ, ಬೇಗ ಮುಗಿಸೋಣ" ಅಂತ ನನಗೂ ಹೇಳಿದ್ದರು.

ಆ 8 ಲಕ್ಷಕ್ಕೆ ಹಳೇ ಮಾಲೀಕರ ಮೇಲೆ ಕೇಸ್ ಹಾಕಿದ್ದೇನೆ. ಸದ್ಯಕ್ಕೆ ಬರುತ್ತಿರುವುದು ತಾರೀಖು ಮಾತ್ರ.