ಅರ್ಕಾ ಮಾಣಿಕ್ ಅಥವಾ ಶುಗರ್ ಬೇಬಿ: ಯಾವ ಕಲ್ಲಂಗಡಿ ಹಾಕೋದು?

ಶುಗರ್ ಬೇಬಿ ಅಮೆರಿಕದ ಹಳೇ ತಳಿ. ಕಡು ಹಸಿರು ಸಿಪ್ಪೆ, ಉರುಟು ಹಣ್ಣು, ಮೂರರಿಂದ ಐದು ಕಿಲೋ ತೂಕ. ಸಣ್ಣ ಕುಟುಂಬಕ್ಕೆ ಒಂದೇ ಸಲಕ್ಕೆ ಮುಗಿಯುತ್ತೆ, ಅದಕ್ಕೇ ಸುಲಭವಾಗಿ ಮಾರಾಟವಾಗುತ್ತೆ. ಬೇಗ ಕೊಯ್ಲಿಗೂ ಬರುತ್ತೆ.

ಅರ್ಕಾ ಮಾಣಿಕ್ ನಮ್ಮ ಬೆಂಗಳೂರಿನ ಹೆಸರಘಟ್ಟದ್ದು. ಅಲ್ಲಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತಮ್ಮದೇ ಒಂದು ತಳಿಯನ್ನು ಕ್ರಿಮ್ಸನ್ ಸ್ವೀಟ್ ಅನ್ನೋ ಇನ್ನೊಂದು ಕಲ್ಲಂಗಡಿ ತಳಿಯ ಜೊತೆ ಕೂಡಿಸಿ, ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದು. ಹಣ್ಣು ಸುಮಾರು 6 ಕಿಲೋ ತೂಗುತ್ತೆ. ಸಿಹಿಯೂ ಚೆನ್ನಾಗಿದೆ. ಆದರೆ ನಿಜವಾದ ಬೆಲೆ ಇರೋದು ಅದರ ರೋಗ ತಾಳಿಕೆಯಲ್ಲಿ. ಬೂದಿ ರೋಗ, ಬೂಜು ತುಪ್ಪಟ ರೋಗ, ಚಿಬ್ಬು ರೋಗ, ಈ ಮೂರೂ ಎಲೆರೋಗಗಳನ್ನು ತಡೆಯೋ ಗುಣವನ್ನು ಒಂದೇ ಬಳ್ಳಿಗೆ ತಂದಿದ್ದಾರೆ. ಎಲೆ ಉಳಿದರೆ ತಾನೇ ಹಣ್ಣಿಗೆ ಸಕ್ಕರೆ ಬರೋದು? ಔಷಧಿ ಹೊಡೆಯೋ ಖರ್ಚೂ ಇಳಿಯುತ್ತೆ. ಲಾರಿಯಲ್ಲಿ ದೂರ ಕಳಿಸಿದರೂ ತಡೆದುಕೊಳ್ಳುತ್ತೆ. ಕೊಯ್ಲಿಗೆ ಮಾತ್ರ 110 ದಿನ ಕಾಯಬೇಕು.

ಎರಡೂ ಹೈಬ್ರಿಡ್ ಅಲ್ಲ, ಬೀಜ ಇಟ್ಟುಕೊಳ್ಳಬಹುದು. ಆದರೆ ಅಕ್ಕಪಕ್ಕ ಹಾಕಿದರೆ ಜೇನುನೊಣ ಎರಡನ್ನೂ ಬೆರೆಸಿಬಿಡುತ್ತೆ. ಕನಿಷ್ಠ ಅರ್ಧ ಕಿಲೋಮೀಟರ್ ದೂರ ಇರಲಿ.

ಬೀಜವಿಲ್ಲದ ಕಲ್ಲಂಗಡಿ ಬೇಕಾದರೆ ಬಿತ್ತನೆ ಬೀಜ ದುಬಾರಿ, ಮೊಳಕೆ ಕಷ್ಟ, ಪರಾಗಕ್ಕೆ ಮಾಮೂಲಿ ತಳಿಯ ಸಾಲೂ ನಡುವೆ ಬೇಕು. ಮೊದಲ ಸಲ ಬೆಳೆಯುವವರಿಗೆ ಅದನ್ನು ಹಾಕಿ ಅಂತ ನಾನು ಹೇಳಲ್ಲ.

ಹತ್ತಿರದ ಸಂತೆಗೆ ಬೇಗ ಹಣ್ಣು ಬೇಕಾದರೆ ಶುಗರ್ ಬೇಬಿ ಹಾಕಿ. ಎಲೆರೋಗ ಜಾಸ್ತಿ ಇರೋ ಜಾಗವಾದರೆ ಯೋಚನೆಯೇ ಬೇಡ, ಮಾಣಿಕ್ ಹಾಕಿ.