ಬೀಗರೂಟಕ್ಕೆ ಸ್ಟೀಲ್ ತಟ್ಟೆ, ಗದ್ದೆಗೆ ತೂತಿನ ಪೈಪು: ಮಂಡ್ಯದ ಒಂದು ಸ್ಮಾರಕ ಟ್ರಸ್ಟ್

ಸ್ಮಾರಕ ಟ್ರಸ್ಟ್ ಅಂದ್ರೆ ನಂಗೆ ಅಷ್ಟಕ್ಕಷ್ಟೇ. ವರ್ಷಕ್ಕೊಂದ್ಸಲ ಫೋಟೋಗೆ ಹಾರ, ಯಾರಿಗಾದ್ರೂ ಶಾಲು ಮೈಸೂರು ಪೇಟ, ಮುಖ್ಯ ಅತಿಥಿಗಳ ಮುಗಿಯದ ಭಾಷಣ, ಕೊನೇಲಿ ಉಪ್ಪಿಟ್ಟು ಕೇಸರಿಬಾತು, ಅಲ್ಲಿಗಾಯ್ತು. ಮಂಡ್ಯದ ಈ ಟ್ರಸ್ಟ್‌ನವರೂ ಅದನ್ನ ಮಾಡ್ತಾರೆ, ಅದಕ್ಕೆ ಆಮೇಲೆ ಬೈತೀನಿ. ಆದ್ರೆ ವರ್ಷದ ಉಳಿದ ದಿನ ಇವರು ಮಾಡೋ ಕೆಲಸಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಧಾರಾಳವಾಗಿ ಕೊಡಬಹುದು. ಹೆಸರು, ನಂಬರ್ ಎರಡೂ ಹಾಕ್ತಿಲ್ಲ, ಅವರೇ ಬೇಡ ಅಂದ್ರು, ಲಗ್ನದ ಸೀಸನ್ ಬಂದ್ರೆ ಈಗಿರೋ ಬುಕಿಂಗೇ ನಿಭಾಯಿಸೋಕಾಗ್ತಿಲ್ವಂತೆ. ಮಂಡ್ಯದವರಿಗೆ ಮೇಷ್ಟ್ರು ಅಂದ್ರೆ ಗೊತ್ತಾಗುತ್ತೆ ಬಿಡಿ.

ಮೇಷ್ಟ್ರು ಹೈಸ್ಕೂಲಲ್ಲಿ ಸೈನ್ಸ್ ಹೇಳ್ಕೊಡ್ತಿದ್ದೋರು. ಭಾನುವಾರ ಆದ್ರೆ ಟಿವಿಎಸ್ ಹತ್ಕೊಂಡು ಊರೂರು ತಿರುಗಿ ಕಬ್ಬಿನ ತರಗು ಸುಡಬೇಡಿ, ನಾಲೆಗೆ ತಟ್ಟೆ ಲೋಟ ಎಸೀಬೇಡಿ, ಗದ್ದೇಲಿ ಮೊಣಕಾಲುದ್ದ ನೀರು ನಿಲ್ಲಿಸಬೇಡಿ ಅಂತ ಹೇಳೋರು. ಜನ ಕೇಳೋರು, ಕಾಫಿ ಕೊಡೋರು, ಅವರು ಆ ಕಡೆ ಹೋದ್ಮೇಲೆ ಈ ಕಡೆ ತರಗಿಗೆ ಬೆಂಕಿ ಇಡೋರು. ಅವರು ತೀರ್ಕೊಂಡ ಮೇಲೆ ಮಗಳು ಮತ್ತೆ ಹಳೇ ಸ್ಟೂಡೆಂಟ್ಸ್ ಸೇರ್ಕೊಂಡು ಟ್ರಸ್ಟ್ ಮಾಡಿದ್ರು, ಮಾಡಿದ್ದೇನಪ್ಪಾ ಅಂದ್ರೆ ಭಾಷಣ ಬಿಟ್ಟು ಸಾಮಾನು ಕೊಡೋಕೆ ಶುರು ಮಾಡಿದ್ರು. ನಂಗೆ ಹಿಡಿಸಿದ್ದು ಇದೇ.

ಮೊದ್ಲು ತಟ್ಟೆ ವಿಷಯ, ಟ್ರಸ್ಟ್‌ನವರು ಊಟಕ್ಕೆ ಸ್ಟೀಲ್ ತಟ್ಟೆ ಲೋಟ ಕೊಡ್ತಾರೆ. ನಮ್ಮನೇಲಿ ತಂಗಿ ಮದ್ವೆ ಆದ್ಮೇಲೆ ಬೀಗರೂಟ ಇತ್ತು. ನಮ್ ಕಡೆ ಬೀಗರೂಟ ಅಂದ್ರೆ ಮುದ್ದೆ, ಮಟನ್ ಸಾರು, ಬೋಟಿ, ಚಾಪ್ಸ್. ಬಾಳೆ ಎಲೇಲಿ ಸಾರು ಹರಿದು ಮಡಿಲಿಗೆ ಬರುತ್ತೆ, ಅಡಿಕೆ ಹಾಳೆ ತಟ್ಟೆಗೆ ಕಾಸು ಜಾಸ್ತಿ, ಪೇಪರ್ ತಟ್ಟೆ ಮುದ್ದೆ ಮುರಿಯೋ ಹೊತ್ತಿಗೆ ಅರ್ಧ ನೆನೆದು ಮಡಚ್ಕೊಂಡಿರುತ್ತೆ. ಆ ಬೆಳ್ಳಿ ಬಣ್ಣದ ಪೇಪರ್ ತಟ್ಟೆ ಇದ್ಯಲ್ಲ, ಅದರ ಮೇಲಿರೋದೂ ಪ್ಲಾಸ್ಟಿಕ್ ಪೊರೇನೇ, ಪೇಪರ್ ಲೋಟದೊಳಗೂ ಅದೇ, ಗೊಬ್ಬರಾನೂ ಆಗಲ್ಲ ಗುಜರಿಯವನೂ ಮುಟ್ಟಲ್ಲ. 2016ರಲ್ಲೇ ನಮ್ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟ ಬ್ಯಾನ್ ಆಯ್ತು, 2022ರ ಜುಲೈ 1ರಿಂದ ದೇಶಕ್ಕೇ ಬ್ಯಾನ್ ಆಯ್ತು, ಆದ್ರೂ ಯಾವ ಛತ್ರದ ಹಿಂದಕ್ಕೆ ಬೇಕಾದ್ರೂ ಹೋಗಿ ನೋಡಿ.

ಶಾಮಿಯಾನದವರ ಹತ್ರಾನೂ ಸ್ಟೀಲ್ ತಟ್ಟೆ ಸಿಗುತ್ತಲ್ಲ ಅಂತೀರಾ, ಸಿಗುತ್ತೆ. ಅವರು ಮೂಟೆ ಕಟ್ಟಿ ಇಳಿಸಿ ಹೋಗ್ತಾರೆ, ತೊಳಿಯೋದು ನಿಮ್ಮ ಕರ್ಮ, ಹಿಂದಿನ ಮನೆಯವರ ಜಿಡ್ಡು ಸಮೇತ. ಟ್ರಸ್ಟ್‌ನವರು ಬಾಡಿಗೆ ತಗೊಳ್ಳಲ್ಲ, ಡಿಪಾಸಿಟ್ ಇಟ್ಕೊಂತಾರೆ, ಎಣಿಸಿ ಕೊಡ್ತಾರೆ ಎಣಿಸಿ ತಗೊಂತಾರೆ, ಕಮ್ಮಿ ಬಿದ್ರೆ ಡಿಪಾಸಿಟ್ಟಲ್ಲಿ ಮುರ್ಕೊಂತಾರೆ. ಅದರ ಜೊತೆ ಇಬ್ಬರು ಹುಡುಗರು ಬಂದು ತೊಳಿಯೋ ಜಾಗ ರೆಡಿ ಮಾಡ್ತಾರೆ. ನಮ್ ಚಿಕ್ಕಪ್ಪ ಶುರುನಲ್ಲೇ ತಕರಾರು ತೆಗೆದ್ರು, "ನೀರು ಉಳಿಸಿ ಅಂತ ಹೇಳೋರು ನೀವು, ಇಷ್ಟು ತಟ್ಟೆ ತೊಳಿಯೋಕೆ ಎಷ್ಟು ನೀರು ಬೇಕ್ರಪ್ಪಾ?" ಅಂತ. ಪ್ರಶ್ನೆ ಸರಿಯಾಗೇ ಇತ್ತು. ಆ ಹುಡುಗ ಮಾತಾಡ್ಲಿಲ್ಲ, "ಬನ್ನಿ ದೊಡ್ಡಪ್ಪ" ಅಂತ ಕರ್ಕೊಂಡೋಗಿ ತೋರಿಸ್ದ. ಮೊದ್ಲು ಉಳಿದಿದ್ದನ್ನ ಕೈಯಲ್ಲೇ ಡ್ರಮ್ಮಿಗೆ ಬಳೀಬೇಕು, ಮೂಳೆ ಬೇರೆ ಅನ್ನ ಬೇರೆ, ಆಮೇಲೆ ಮರದ ಹೊಟ್ಟಲ್ಲಿ ಜಿಡ್ಡು ಒರೆಸ್ಬೇಕು, ಆಮೇಲೆ ಮೂರು ತೊಟ್ಟಿ, ಒಂದರಲ್ಲಿ ನೆನೆಸೋದು, ಒಂದರಲ್ಲಿ ಉಜ್ಜೋದು, ಕೊನೇದ್ರಲ್ಲಿ ಜಾಲಿಸೋದು. ಕೊನೇ ತೊಟ್ಟಿ ನೀರು ಮಬ್ಬಾದ್ರೆ ಚೆಲ್ಲಲ್ಲ, ಮೊದಲನೇದಕ್ಕೆ ಹಾಕ್ತಾರೆ. ನಲ್ಲಿ ಬಿಟ್ಕೊಂಡು ತೊಳಿಯೋ ಪ್ರಶ್ನೇನೇ ಇಲ್ಲ. ಚಿಕ್ಕಪ್ಪ ನೋಡ್ಕೊಂಡು ಬಂದು ಸುಮ್ನೆ ಊಟಕ್ಕೆ ಕೂತ್ರು, ಅವರು ಸುಮ್ನಾಗೋದೇ ದೊಡ್ಡ ಸರ್ಟಿಫಿಕೇಟು.

ಇನ್ನೊಂದು ಸರ್ವಿಸ್ ಇದಕ್ಕಿಂತ ಜಾಸ್ತಿ ಇಂಟರೆಸ್ಟಿಂಗು, ಆದ್ರೆ ಎಲ್ರಿಗೂ ಆಗಿಬರಲ್ಲ. ಗದ್ದೆ ಪೈಪು. ಒಂದಡಿ ಉದ್ದದ ಪಿವಿಸಿ ಪೈಪು, ನಾಲ್ಕರಿಂದ ಆರು ಇಂಚು ಅಗಲ, ಕೆಳಗಿನ ಅರ್ಧಕ್ಕೆ ಸುತ್ತ ತೂತು ಕೊರೆದಿರ್ತಾರೆ. ಆ ತೂತಿನ ಭಾಗ ಗದ್ದೆಯೊಳಗೆ ಹೋಗೋ ಹಂಗೆ ಹೂತು, ಒಳಗಿನ ಮಣ್ಣು ತೆಗೆದುಬಿಟ್ರೆ ನೆಲದೊಳಗೆ ನೀರು ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತೆ. ನಾಟಿ ಆಗಿ ಎರಡು ವಾರ ಆದ್ಮೇಲೆ, ನೀರು ನೆಲಮಟ್ಟದಿಂದ ಅರ್ಧ ಅಡಿ ಕೆಳಗೆ ಇಳಿಯೋವರೆಗೂ ಕಾದು ಆಮೇಲೆ ಎರಡು ಇಂಚು ನಿಲ್ಲಿಸೋದು, ಮತ್ತೆ ಕಾಯೋದು. ಹೊಡೆ ಒಡೆದು ಹೂವಾಗೋ ಟೈಮಲ್ಲಿ ಮಾತ್ರ ಒಣಗೋಕೆ ಬಿಡಬಾರದು, ಬಿಟ್ರೆ ಜೊಳ್ಳಾಗುತ್ತೆ. ಇದು ಮೇಷ್ಟ್ರು ಕಂಡುಹಿಡಿದಿದ್ದಲ್ಲ, ಫಿಲಿಪ್ಪೀನ್ಸ್‌ನಲ್ಲಿರೋ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಹರಡಿದ ಪದ್ಧತಿ, ನೀರು 30 ಪರ್ಸೆಂಟ್‌ವರೆಗೂ ಉಳಿಯುತ್ತೆ, ನಿಂತ ನೀರಲ್ಲಿ ಹುಟ್ಟೋ ಮೀಥೇನ್ ಗ್ಯಾಸೂ ಕಮ್ಮಿ ಆಗುತ್ತೆ. ಮೇಷ್ಟ್ರು ಬಾಯಲ್ಲಿ ಹೇಳ್ತಿದ್ದಾಗ "ನೀರಿಲ್ದೆ ಭತ್ತ ಬೆಳಿಯೋಕೆ ಅದೇನ್ ರಾಗಿನಾ ಮೇಷ್ಟ್ರೇ" ಅಂತ ನಗಾಡ್ತಿದ್ದ ನಮ್ಮಪ್ಪ, ಈಗ ಬೆಳಿಗ್ಗೆ ಎದ್ದು ಪೈಪೊಳಗೆ ಕಡ್ಡಿ ಬಿಟ್ಟು ಅಳತೆ ನೋಡ್ತಾರೆ, ಬೋರ್‌ವೆಲ್ ಮೋಟ್ರು ಓಡೋದು ಕಮ್ಮಿ ಆಗಿದೆ.

ಆದ್ರೆ ಟ್ರಸ್ಟ್‌ನವರು ಇದನ್ನ ನಾಲೆ ಬಯಲಿನವರಿಗೂ ಹಂಚ್ತಾರಲ್ಲ, ಅದು ನಂಗೆ ಅರ್ಥ ಆಗಲ್ಲ. ವಿಸಿ (ವಿಶ್ವೇಶ್ವರಯ್ಯ) ನಾಲೇಲಿ ಕಟ್ಟು ಪದ್ಧತಿ, ಅಂದ್ರೆ ಸರದಿ ಮೇಲೆ ನೀರು, ಬಿಟ್ಟಾಗ ಬಿಟ್ರು ನಿಲ್ಲಿಸಿದಾಗ ನಿಲ್ಲಿಸಿದ್ರು, ಪೈಪು ನೋಡ್ಕೊಂಡು "ನಂಗೆ ಇವತ್ತು ಬೇಡ ನಾಲ್ಕು ದಿನ ಬಿಟ್ಟು ಕೊಡಿ" ಅಂದ್ರೆ ಯಾರು ಕೇಳ್ತಾರೆ? ಸಿಕ್ಕಾಗ ತುಂಬಿಸ್ಕೊಳ್ದೆ ಇದ್ರೆ ಕೊನೇ ಭಾಗದವನಿಗೆ ಹನೀನೂ ಇಲ್ಲ. ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷ ಯಾರಿಗೂ ಪೈಪು ನೆನಪಾಗಲ್ಲ, 2023ರಂಥ ಬರ ಬಂದ್ರೆ ಪೈಪಲ್ಲಿ ನೋಡೋಕೂ ನೀರಿರಲ್ಲ. ಮೇಷ್ಟ್ರ ಮಗಳಿಗೆ ಇದನ್ನ ಹೇಳ್ದೆ. "ಅಪ್ಪನ ಹತ್ರಾನೂ ಇದಕ್ಕೆ ಉತ್ತರ ಇರಲಿಲ್ಲ ಅಣ್ಣ" ಅಂದ್ರು. ಕನಿಷ್ಠ ಸುಳ್ಳು ಹೇಳ್ಲಿಲ್ಲ.

ತರಗು ಸುಡಬೇಡಿ ಅನ್ನೋ ಕೆಲಸ ಈಗ್ಲೂ ಮಾಡ್ತಾರೆ, ಹೆಕ್ಟೇರಿಗೆ 8ರಿಂದ 10 ಟನ್ ತರಗು ಬೀಳುತ್ತೆ ಅದನ್ನ ಸಾಲಿನ ಮಧ್ಯ ಹಾಸಿ ಅಂತ, ಹಾಸೋ ಕೂಲಿ ಯಾರು ಕೊಡ್ತಾರೆ ಅನ್ನೋ ಹತ್ರ ಮಾತು ನಿಂತೋಗುತ್ತೆ. ಗಿಡ ಕೊಡೋದೂ ಇದೆ, ಹೊಂಗೆ ನೇರಳೆ ಅತ್ತಿ, ಅದನ್ನ ಎಲ್ರೂ ಕೊಡ್ತಾರೆ.

ಈಗ ಬೈಗುಳ. ವಾರ್ಷಿಕ ಕಾರ್ಯಕ್ರಮ. "ಸುಸ್ಥಿರ ಅಭಿವೃದ್ಧಿ" ಅಂತ ವೇದಿಕೆ ಅಗಲದ ಫ್ಲೆಕ್ಸು! ಅದೂ ಪ್ಲಾಸ್ಟಿಕ್ಕೇ ಅಲ್ವೇನ್ರಪ್ಪಾ. ಬಟ್ಟೆ ಮೇಲೆ ಬರೆಸೋ ಪೇಂಟರ್ ಮಂಡ್ಯದಲ್ಲಿ ಒಬ್ಬನೂ ಉಳಿದಿಲ್ವಾ? ಭಾಷಣಕಾರರು ಸುಸ್ಥಿರ ಅಭಿವೃದ್ಧಿ ಬಗ್ಗೆ ವಿಶ್ವಸಂಸ್ಥೆ ಆಯೋಗ ಕೊಟ್ಟ ಬ್ರಂಟ್‌ಲ್ಯಾಂಡ್ ವರದಿ, 1987, ಮುಂದಿನ ಪೀಳಿಗೆ ಅಂತೆಲ್ಲ ಹೇಳ್ತಿದ್ರೆ, ಮುಂದಿನ ಪೀಳಿಗೆ ಹಿಂದಿನ ಸಾಲಲ್ಲಿ ಮೊಬೈಲ್ ನೋಡ್ತಾ ಕೂತಿತ್ತು. ಆ ದುಡ್ಡಲ್ಲಿ ಇನ್ನೊಂದಷ್ಟು ತಟ್ಟೆ ಬರ್ತಿತ್ತು.

ಇಷ್ಟು ಬೈದ್ರೂ ಇವರ ಪರ ನಿಲ್ಲೋಕೆ ಕಾರಣ ಇದೆ. ಮಳವಳ್ಳಿ ಕಡೆ ದಾಸನದೊಡ್ಡಿ ಕಾಮೇಗೌಡ್ರು ಬೆಟ್ಟದಲ್ಲಿ ಕಟ್ಟೆ ತೋಡಿದ್ದು 2020ರಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಹೇಳಿದ್ಮೇಲೆ ದೇಶಕ್ಕೆಲ್ಲ ಗೊತ್ತಾಯ್ತು, 2022ರಲ್ಲಿ ಅವರು ಹೋದಾಗ ನಮ್ಮೂರ ಟೀ ಅಂಗಡೀಲಿ ಎಲ್ರೂ ಕೇಳಿದ್ದು ಒಂದೇ, ಇನ್ಮೇಲೆ ಆ ಕಟ್ಟೆ ಹೂಳು ತೆಗಿಯೋರು ಯಾರು ಅಂತ. ಒಬ್ಬ ಮನುಷ್ಯನ ಹಠದ ಮೇಲೆ ನಿಂತಿದ್ದ ಕೆಲಸಕ್ಕೆ ಆಮೇಲೆ ದಿನಾ ಬಾಗಿಲು ತೆಗೆದು ಕೂರೋರು ಬೇಕು, ತಟ್ಟೆ ಎಣಿಸೋರು ಬೇಕು. ಇಲ್ಲಿ ಅಂಥೋರು ಇದ್ದಾರೆ.

ಬೇಕಾದೋರಿಗೆ: ಫೋನ್ ಎತ್ತಲ್ಲ, ಬೆಳಿಗ್ಗೆನೇ ನೇರ ಹೋಗಿ. ಲಗ್ನದ ತಿಂಗಳಿಗೆ ಆಷಾಢದಲ್ಲೇ ಬುಕ್ ಮಾಡಿ. ತಟ್ಟೆ ಜೊತೆ ಲೋಟ ಎಣಿಸಿ ತಗೊಳ್ಳಿ, ಮಕ್ಕಳು ಮೊದ್ಲು ಕಳಿಯೋದೇ ಲೋಟ. ಪೈಪು ಬೋರ್‌ವೆಲ್ ಇದ್ರೆ ಮಾತ್ರ ತಗೊಳ್ಳಿ.