ಫೋಟೋ ಹೋಯಿತು, ಸುಳ್ಳು ಉಳಿಯಿತು: ಒಂದು ಜಾಲತಾಣದ ದೂರು ಸೇವೆಗೆ ಐದಕ್ಕೆ ಎರಡು ಸ್ಟಾರ್

ಜಾಲತಾಣದ ಹೆಸರು ಬೇಡ, ದೊಡ್ಡದೇ ಒಂದು. ನಾನು ತೆಗೆದುಕೊಂಡ ಸೆಲ್ಫಿಯನ್ನು ಯಾರೋ ಎತ್ತಿ ಹಾಕಿ, ಕೆಳಗೆ ನಾನು ಸಾಲ ಮಾಡಿ ಓಡಿಹೋದವನು ಅಂತ ಬರೆದಿದ್ದರು.

ರಿಪೋರ್ಟ್ ಬಟನ್ ಒತ್ತಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: ಇದು ನಮ್ಮ ನಿಯಮ ಮೀರಿಲ್ಲ. ಮತ್ತೆ ಒತ್ತಿದೆ, ಮತ್ತೆ ಅದೇ. ಮನುಷ್ಯರು ಯಾರೂ ಓದಿದ ಹಾಗೆ ಕಾಣಲಿಲ್ಲ. ಆ ಬಟನ್ ಇರುವುದು ಅವರ ಮನೆಯ ನಿಯಮಗಳಿಗೆ ಮಾತ್ರ ಅಂತ ಆಮೇಲೆ ಗೊತ್ತಾಯಿತು. ಕಾನೂನಿನ ದೂರಿಗೆ ಬೇರೆ ಫಾರಂ ಇದೆ, ಸಹಾಯ ಪುಟದ ತಳದಲ್ಲಿ, ಹಟ ಹಿಡಿದು ಹುಡುಕಿದವರಿಗೆ ಮಾತ್ರ ಸಿಗುತ್ತದೆ. ಅದನ್ನು ಸುಮ್ನೆ ಅಲ್ಲಿ ಇಟ್ಟಿಲ್ಲ ಅಂತ ನನ್ನ ಅನುಮಾನ, ಯಾಕೆಂದರೆ ಬೇರೆಯವರು ಹಾಕಿದ್ದಕ್ಕೆ ಜಾಲತಾಣ ಹೊಣೆ ಹೊರಬೇಕಾಗುವುದು ಎಷ್ಟೋ ಕಡೆ ವಿಷಯ ಗೊತ್ತಾದ ಮೇಲೂ ಕೈಕಟ್ಟಿ ಕೂತರೆ ಮಾತ್ರ. ಯುರೋಪ್ ಒಕ್ಕೂಟದಲ್ಲಿ 2024ರ ಫೆಬ್ರವರಿಯಿಂದ ಪೂರ್ತಿ ಜಾರಿಯಲ್ಲಿರುವ ಡಿಜಿಟಲ್ ಸರ್ವೀಸಸ್ ಆಕ್ಟ್ ಇದೇ ದಾರಿಯದು. ಸರಿಯಾದ ಲಿಂಕ್, ಕಾರಣ ಎರಡೂ ಕೊಟ್ಟು, ತಪ್ಪು ಎದ್ದು ಕಾಣುವಂತಿದ್ದರೆ, ನಮಗೆ ಗೊತ್ತೇ ಇರಲಿಲ್ಲ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಆ ಕಾಯ್ದೆ ಮುರಿದರೆ ದಂಡ ಜಗತ್ತಿನಾದ್ಯಂತದ ವರ್ಷದ ವಹಿವಾಟಿನ ಶೇ. 6ರವರೆಗೆ ಹೋಗಬಹುದು.

ಅಮೆರಿಕದ ಲೆಕ್ಕವೇ ಬೇರೆ. 1996ರಲ್ಲಿ ಬಂದ ಸೆಕ್ಷನ್ 230 ಅನ್ನುವ ಕಾನೂನಿನ ಕಲಮಿನ ಪ್ರಕಾರ ಮಾನಹಾನಿಯಂಥ ಬರಹಕ್ಕೆ ಬರೆದವರೇ ಹೊಣೆ, ದೂರು ಕೊಟ್ಟ ಮೇಲೂ ಜಾಲತಾಣ ಪಾರು. ಆದರೆ ಕಾಪಿರೈಟ್, ಅಂದರೆ ಫೋಟೋದಂಥ ಕೃತಿಯ ಮೇಲಿನ ಹಕ್ಕಿನ ವಿಷಯದಲ್ಲಿ ಜಾಲತಾಣಕ್ಕೆ ಆ ರಕ್ಷಣೆ ಇಲ್ಲ. ಅದಕ್ಕೆ 1998ರ ಡಿಎಂಸಿಎ ಅನ್ನುವ ಕಾಪಿರೈಟ್ ಕಾಯ್ದೆ ಇದೆ: ನೋಟಿಸ್ ಬಂದ ಕೂಡಲೇ ತೆಗೆಯದಿದ್ದರೆ ಜಾಲತಾಣದ ಕುತ್ತಿಗೆಗೇ ಬರಬಹುದು.

ನಾನು ಎರಡು ದೂರು ಬರೆದೆ, ಫೋಟೋಗೆ ಕಾಪಿರೈಟ್ ದೂರು ಒಂದು, ಬರಹಕ್ಕೆ ಮಾನಹಾನಿ ದೂರು ಒಂದು. ಎರಡನೇ ದಿನ ಫೋಟೋ ಮಾಯ! ಈಗ ಅಲ್ಲಿ ಒಂದು ಬೂದು ಚೌಕ ಇದೆ, ಅದರ ಕೆಳಗೆ ಆ ಸುಳ್ಳು ಹಾಗೇ ಇದೆ. ನನ್ನ ಮಾನಕ್ಕಿಂತ ನನ್ನ ಸೆಲ್ಫಿಗೇ ಬೆಲೆ ಜಾಸ್ತಿ ಅಂತ ಆಯಿತಲ್ವಾ? ಅದೂ ಸೆಲ್ಫಿ ಆಗಿದ್ದಕ್ಕೆ ಬಚಾವ್. ಬೇರೆಯವರು ತೆಗೆದಿದ್ದರೆ ಸಾಮಾನ್ಯವಾಗಿ ಹಕ್ಕು ತೆಗೆದವರದ್ದು, ಫೋಟೋದಲ್ಲಿ ನಿಂತವರದ್ದಲ್ಲ.

ಫಾರಂ ತುಂಬುವ ಮುಂಚೆ ಸಣ್ಣ ಅಕ್ಷರಗಳನ್ನೂ ಓದಿ. ದೂರಿನ ಪ್ರತಿ, ನಿಮ್ಮ ಹೆಸರಿನ ಸಮೇತ, ಹಾಕಿದವರಿಗೇ ಹೋಗಬಹುದು ಅಂತ ಅಲ್ಲಿ ಬರೆದಿದೆ. ನಾನು ಓದಿದ್ದು ಕಳಿಸಿದ ಮೇಲೆ. ಆದರೆ ದಿನಾಂಕ, ಲಿಂಕ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಮಾತ್ರ ಮೊದಲೇ ತೆಗೆದಿಟ್ಟಿದ್ದೆ, ಇಲ್ಲದಿದ್ದರೆ ಫೋಟೋ ಜೊತೆ ನನ್ನ ಸಾಕ್ಷಿಯೂ ಹೋಗುತ್ತಿತ್ತು. ಹಾಕಿದವರು ಯಾರು ಅಂತ ಕೇಳಿದೆ. ಕೋರ್ಟ್ ಆದೇಶ ತನ್ನಿ ಅಂದರು. ಅದು ನ್ಯಾಯವೇ, ನನ್ನ ವಿವರವನ್ನೂ ಕೇಳಿದವರಿಗೆಲ್ಲ ಕೊಡುವುದು ಬೇಡ.

ಎರಡು ಸ್ಟಾರೂ ಕಾಪಿರೈಟ್ ಫಾರಂಗೆ. ಬರಹದ ದೂರು ಇವತ್ತಿಗೂ 'ಪರಿಶೀಲನೆಯಲ್ಲಿದೆ'.